ಪ್ಯಾರಿಸ್‌ಗೆ ಮುಂಚಿನ ಭಾನುವಾರ

ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟುತ್ತೇನೆ, ಅಷ್ಟೇ ಎಂದು ಯೊರಿಂಡೆ ಕ್ಲಾರ್‌ಹೌಟ್ ತನ್ನ ಕೋಚ್‌ಗೆ ಮಾತು ಕೊಟ್ಟಿದ್ದಳು. ಕೊಡುವಾಗಲೇ ಆ ಮಾತಿನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಮೇ ತಿಂಗಳ ಭಾನುವಾರ ಊರೂರಿನ ಟೆನಿಸ್ ಕ್ಲಬ್ಬುಗಳ ಇಂಟರ್‌ಕ್ಲಬ್ ಪಂದ್ಯವಿರುವಾಗ ಹಾಸೆಲ್‌ವೆಲ್ಡೆಯಲ್ಲಿ ಯಾರೂ ಬೆಂಚಿನ ಮೇಲೆ ಕೂರುವುದಿಲ್ಲ. ಅಜ್ಜಂದಿರು ಗೆರೆಗಳನ್ನು ಗುಡಿಸುತ್ತಾರೆ, ಹೆಂಗಸರು ಸೂಪ್ ಕುದಿಸುತ್ತಾರೆ, ರ‍್ಯಾಕೆಟ್ ಹಿಡಿಯಲು ಬರುವವರು ಆಡುತ್ತಾರೆ. ಊರಿನ ಕ್ಲಬ್ಬಿಗೆ ಆಡದಷ್ಟು ದೊಡ್ಡವರು ಅಲ್ಲಿ ಇನ್ನೂ ಹುಟ್ಟಿರಲಿಲ್ಲ.

ಯೊರಿಂಡೆಗೆ ಆಗ ಇಪ್ಪತ್ತೆರಡು. ವಿಶ್ವ ಕ್ರಮಾಂಕ ಇನ್ನೂರ ಹದಿನಾಲ್ಕು. ಎರಡು ವರ್ಷದ ಹಿಂದೆ ಆರುನೂರರ ಆಚೆ ಇದ್ದವಳು ಟರ್ಕಿ, ಈಜಿಪ್ಟ್, ಪೋರ್ಚುಗಲ್‌ಗಳ ಸಣ್ಣ ಟೂರ್ನಿಗಳಲ್ಲಿ ಒಂದೊಂದೇ ಪಾಯಿಂಟ್ ಕೂಡಿಸಿ ಇಲ್ಲಿಗೆ ಬಂದಿದ್ದಳು. ಮೊದಲ ಬಾರಿಗೆ ಪ್ಯಾರಿಸ್‌ನ ಗ್ರ್ಯಾಂಡ್‌ಸ್ಲಾಮ್ ಟೂರ್ನಿಯ ಅರ್ಹತಾ ಸುತ್ತಿನಲ್ಲಿ ಜಾಗ ಸಿಕ್ಕಿತ್ತು. ಅದಕ್ಕೆ ಇನ್ನು ಎಂಟು ದಿನವಿತ್ತು. ಅಪ್ಪ ಮಾರ್ನಿಕ್ಸ್ ಹೆಪ್ಪುಗಟ್ಟಿಸಿದ ತರಕಾರಿಯ ಕಾರ್ಖಾನೆಯೊಂದರಲ್ಲಿ ಲಾರಿ ಓಡಿಸುತ್ತಿದ್ದ. ಬಟಾಣಿ ಇಳಿಸಿಕೊಳ್ಳುವ ಪ್ರತಿಯೊಬ್ಬ ಗೋದಾಮಿನವನಿಗೂ ಅವನು ಈ ಸುದ್ದಿ ಹೇಳಿ ಮುಗಿಸಿದ್ದ.

ಅವನಿಗೆ ಗೊತ್ತಿಲ್ಲದ್ದು ಒಂದೇ. ಪೋರ್ಚುಗಲ್‌ನಿಂದ ಬಂದಾಗಿನಿಂದ ಮಗಳ ಎಡಗೈಯ ಮಣಿಕಟ್ಟು, ಕಿರುಬೆರಳಿನ ಕಡೆ, ನೋಯುತ್ತಿತ್ತು. ಅವಳು ಬಲಗೈ ಆಟಗಾರ್ತಿ. ಆದರೆ ಬ್ಯಾಕ್‌ಹ್ಯಾಂಡ್ ಎರಡು ಕೈಯದು, ಅದರಲ್ಲಿ ನಿಜವಾದ ಕೆಲಸ ಮಾಡುವುದು ಎಡಗೈ. ಅವಳನ್ನು ಮೇಲೆ ತಂದದ್ದೂ ಆ ಹೊಡೆತವೇ. ಸ್ನಾಯುರಜ್ಜುವನ್ನು ಹಿಡಿದಿಡುವ ಪೊರೆ ಊದಿದೆ, ಹರಿದಿಲ್ಲ, ಪ್ಯಾರಿಸ್‌ವರೆಗೆ ವಿಶ್ರಾಂತಿ ಕೊಟ್ಟರೆ ಆಡಬಹುದು, ಹರಿದರೆ ಆಮೇಲಿನದನ್ನು ಯಾರೂ ಹೇಳಲಾರರು ಎಂದು ಲಿಯೇಜ್‌ನ ಫಿಸಿಯೊ ಹೇಳಿದ್ದಳು. ವಿಷಯ ಗೊತ್ತಿದ್ದದ್ದು ಫಿಸಿಯೊ ಮತ್ತು ಕೋಚ್ ಫ್ಲೋರಿಯಾಂಗೆ ಮಾತ್ರ. ಗಾಯದ ಸುದ್ದಿ ಎದುರಾಳಿಯ ಕಿವಿಗೆ ಬಿದ್ದರೆ ಎಲ್ಲ ಚೆಂಡೂ ಅಲ್ಲಿಗೇ ಬರುತ್ತದೆ. ಅಪ್ಪನಿಗೆ ಹೇಳುವುದೂ ರೇಡಿಯೊದಲ್ಲಿ ಹೇಳುವುದೂ ಒಂದೇ.

"ನಿಮ್ಮೂರಿನ ಭಾನುವಾರದ ಸಂತೆಗೆ ಹೋಗಲೇಬೇಕಾ?" ಎಂದು ಫ್ಲೋರಿಯಾಂ ಕೇಳಿದ್ದ. ಅವನು ವೆರ್ವಿಯೆ ಕಡೆಯ ವಾಲೋನ್, ದೇಶದ ಫ್ರೆಂಚ್ ಮಾತಾಡುವ ಭಾಗದವನು. ಅಲ್ಲಿಯೂ ಇಂಟರ್‌ಕ್ಲಬ್ ಇದೆ, ಆದ್ದರಿಂದಲೇ ಅವನಿಗೆ ಭಯ.

"ಹೋಗದಿದ್ರೆ ಯಾಕೆ ಅಂತ ಕೇಳ್ತಾರೆ. ಆಡಲ್ಲ, ಸುಮ್ನೆ ಕೂತಿರ್ತೀನಿ."

"ಕೂತಿರೋಕೆ ಬಿಟ್ರೆ ತಾನೇ?"

ಕ್ಲಬ್ಬಿನ ಗೇಟಿನಲ್ಲೇ ಗೊಡೆಲೀವೆ ನಿಂತಿದ್ದಳು. ಅರವತ್ತೆಂಟರ ಹೆಂಗಸು, ಮಹಿಳಾ ತಂಡದ ನಾಯಕಿ, ಯೊರಿಂಡೆಯ ಕೈಗೆ ಮೊದಲ ರ‍್ಯಾಕೆಟ್ ಕೊಟ್ಟವಳು. ಹದಿಮೂರನೇ ವಯಸ್ಸಿನಲ್ಲಿ ಆಯ್ಕೆದಾರರು ಈ ಹುಡುಗಿ ಕುಳ್ಳಿ, ಬೆಳೆಯುವುದಿಲ್ಲ ಎಂದು ವಾಪಸು ಕಳಿಸಿದಾಗ, ಚಳಿಗಾಲವಿಡೀ ಗೆಂಟ್‌ನ ಒಳಾಂಗಣ ಕೋರ್ಟುಗಳಿಗೆ ತನ್ನ ಹಳೇ ಕಾರಿನಲ್ಲಿ ಕರೆದುಕೊಂಡು ಹೋದವಳೂ ಅವಳೇ.

"ಬಂದಳು ನೋಡ್ರಪ್ಪಾ, ಪ್ಯಾರಿಸ್ ರಾಣಿ! ಚೀಲ ಎಲ್ಲೇ?"

"ಕಾರಲ್ಲಿದೆ ಆಂಟಿ."

"ಮತ್ತೆ ಸಿಂಗಲ್ಸ್ ಯಾರು ಆಡೋದು, ಕಾರಾ?"

ಯೊರಿಂಡೆ ನಕ್ಕಳು. ಹೇಳಲು ಅದೇ ಹೊತ್ತು, ಹೇಳಲಿಲ್ಲ. ಗೊಡೆಲೀವೆ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ನೋಡು ಕಂದಾ, ಇವತ್ತು ಸೋತ್ರೆ ಕೆಳಗಿನ ದರ್ಜೆಗೆ ಬೀಳ್ತೀವಿ. ಸಮ ಮಾಡ್ಕೊಂಡ್ರೂ ಸಾಕು, ಉಳೀತೀವಿ. ನೀನು ಆಡಲಿಲ್ಲ ಅಂದ್ರೆ ಎಲ್ಲರೂ ಒಂದೊಂದು ಮೆಟ್ಟಿಲು ಮೇಲೆ ಹೋಗಿ, ತಮಗಿಂತ ಗಟ್ಟಿಯೋರ ಎದುರು ಆಡ್ಬೇಕು. ಆಂಟ್‌ವೆರ್ಪಿನೋರು ಮೊದಲನೇ ಜಾಗಕ್ಕೆ ಒಬ್ಬ ಜೆಕ್ ಹುಡುಗೀನ ತಂದಿದಾರೆ. ನಮ್ಮ ಅನ್ನೆಲೋರೆನ ಅವಳು ಅಗಿದು ಉಗೀತಾಳೆ."

ಅನ್ನೆಲೋರೆ ಟೀಲ್ಟ್‌ನಲ್ಲಿ ಶಾಲಾ ಶಿಕ್ಷಕಿ. "ನಾನಿಲ್ಲೇ ಇದೀನಿ ಗೊಡೆಲೀವೆ, ನಂಗೆ ಕೇಳಿಸ್ತಿದೆ," ಎಂದಳು ಶೂ ಕಟ್ಟಿಕೊಳ್ಳುತ್ತಾ.

ಒಂದು ಸಿಂಗಲ್ಸ್ ತಾನೇ, ಎಡಗೈ ಬಳಸದೆ ಆಡಿದರಾಯಿತು ಎಂದುಕೊಂಡು ಯೊರಿಂಡೆ ಚೀಲ ತಂದಳು. ಬ್ಯಾಕ್‌ಹ್ಯಾಂಡಿಗೆ ಬಂದ ಚೆಂಡನ್ನೆಲ್ಲ ಬಲಗೈ ಒಂದರಿಂದಲೇ ಕೆಳಮುಖವಾಗಿ ಕೊಯ್ದು ಕಳಿಸಿದಳು. ಜೆಕ್ ಹುಡುಗಿಗೆ ತಾಳ್ಮೆ ಕಡಿಮೆ. ಪುಟಿಯದ ಚೆಂಡನ್ನು ಎತ್ತಲಾಗದೆ ನೆಟ್ಟಿಗೆ ಹೊಡೆದು ಹೊಡೆದು ಎರಡು ಸೆಟ್ಟಿನಲ್ಲಿ ಸೋತಳು.

"ಏನೇ ಇದು, ಅಜ್ಜಿ ಬ್ರೆಡ್ ಕೊಯ್ದಂಗೆ ಕೊಯ್ತಿದೀಯಾ?" ಎಂದ ಮಾರ್ನಿಕ್ಸ್ ಬೇಲಿಯ ಆಚೆಯಿಂದ.

"ಅಭ್ಯಾಸ ಪಪ್ಪಾ. ಪ್ಯಾರಿಸ್‌ಗೆ."

ಅವನು ಪಕ್ಕದವನಿಗೆ ಕಣ್ಣು ಹೊಡೆದ. "ನೋಡಿದ್ರಾ? ಅಸಲಿ ಹೊಡೆತ ಯಾರಿಗೂ ತೋರಿಸ್ತಿಲ್ಲ. ಎಲ್ಲಾ ಲೆಕ್ಕಾಚಾರ."

ಸಿಂಗಲ್ಸ್ ಮುಗಿದಾಗ ಎರಡು-ಎರಡು. ಉಳಿದಿದ್ದವು ಎರಡು ಡಬಲ್ಸ್. ಅದಕ್ಕೆ ಮುಂಚೆ ರೂಢಿಯಂತೆ ಎರಡೂ ತಂಡಗಳು ಒಂದೇ ಉದ್ದ ಮೇಜಿಗೆ ಕೂತು, ಸಣ್ಣ ಮಾಂಸದುಂಡೆ ಹಾಕಿದ ಟೊಮೇಟೊ ಸೂಪ್ ಕುಡಿದವು. ಗೊಡೆಲೀವೆ ಯೊರಿಂಡೆಯ ಬಟ್ಟಲಿಗೆ ಎರಡನೇ ಸಲ ಬಡಿಸಿದಳು.

"ನಿಂದು ಸಾಕು. ಪ್ಯಾರಿಸ್ ಇದೆ, ಸುಸ್ತಾಗ್ಬೇಡ. ಡಬಲ್ಸ್‌ನ ಬೇರೆಯೋರು ನೋಡ್ಕೋತಾರೆ. ಬಿದ್ರೆ ಬೀಳ್ತೀವಿ, ಯಾರೂ ಸತ್ತೋಗಲ್ಲ."

ಹಾಗೆಂದು ಅವಳು ಬಾಗಿಲಿಗೆ ಹೋಗಿ, ಬೆನ್ನು ತೋರಿಸಿ, ಕೋರ್ಟುಗಳ ಕಡೆ ನೋಡುತ್ತಾ ನಿಂತಳು. ಆ ತಂಡವನ್ನು ಮೇಲಿನ ದರ್ಜೆಗೆ ತರಲು ಅವಳಿಗೆ ಹತ್ತೊಂಬತ್ತು ವರ್ಷ ಹಿಡಿದಿತ್ತು. ಅನ್ನೆಲೋರೆ ಚಮಚ ತಿರುಗಿಸುತ್ತಿದ್ದಳು. ಅಪ್ಪ ಛಾವಣಿ ನೋಡುತ್ತಿದ್ದ. ಯಾರಾದರೂ ಆಡು ಎಂದಿದ್ದರೆ ಯೊರಿಂಡೆ ಆಗುವುದಿಲ್ಲ ಎಂದುಬಿಡುತ್ತಿದ್ದಳು, ಕಾರಣವನ್ನೂ ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ.

"ಆಂಟಿ, ನನ್ನ ಹೆಸರು ಹಾಕಿ. ಅನ್ನೆಲೋರೆ ಜೊತೆ."

ಗೊಡೆಲೀವೆ ತಿರುಗಿದಾಗ ಅವಳ ಕಣ್ಣು ಒದ್ದೆಯಾಗಿತ್ತು. "ಗ್ಯಾರಂಟಿನಾ?"

"ಗ್ಯಾರಂಟಿ."

ಪಕ್ಕದ ಕೋರ್ಟಿನಲ್ಲಿ ಹಾಸೆಲ್‌ವೆಲ್ಡೆಯ ಇನ್ನೊಂದು ಜೋಡಿ ಬೇಗನೆ ಸೋತಿತು. ಉಳಿದದ್ದು ಇವರದೊಂದೇ. ಒಂದು ಸೆಟ್ ಅವರಿಗೆ, ಒಂದು ಇವರಿಗೆ. ಹತ್ತು ಪಾಯಿಂಟುಗಳ ನಿರ್ಣಾಯಕ ಟೈಬ್ರೇಕ್‌ನಲ್ಲಿ ಎಂಟು-ಎಂಟು ಆದಾಗ ಜೆಕ್ ಹುಡುಗಿಯ ಚೆಂಡು ಎತ್ತರವಾಗಿ, ಆಳವಾಗಿ, ಯೊರಿಂಡೆಯ ಎಡಕ್ಕೆ ಬಂತು. ಕೊಯ್ಯಲು ಜಾಗವಿರಲಿಲ್ಲ. ಎಡಗೈ ತಾನಾಗಿ ಹಿಡಿಕೆಗೆ ಬಂದು ಕೂತಿತು. ಹತ್ತು ವರ್ಷ ಅದಕ್ಕೆ ಕಲಿಸಿದ್ದೇ ಅದನ್ನು.

ಒಳಗೆ ಏನೋ ಪಟಕ್ಕೆಂದಿತು. ಹಗ್ಗವೊಂದು ತನ್ನ ಕಾಲುವೆಯಿಂದ ಜಿಗಿದು ಎಲುಬಿನ ಮೇಲೆ ಹೊರಳಿದಂತೆ. ಸದ್ದು ಬೇರೆ ಯಾರಿಗೂ ಕೇಳಲಿಲ್ಲ. ಚೆಂಡು ಮೂಲೆಯ ಗೆರೆಯಂಚಿಗೆ ಬಿತ್ತು. ಜೆಕ್ ಹುಡುಗಿ ಕೆಂಪು ಇಟ್ಟಿಗೆಪುಡಿಯಲ್ಲಿ ಮೂಡಿದ ಗುರುತನ್ನು ಬಗ್ಗಿ ನೋಡಿ, ತಲೆ ಅಲ್ಲಾಡಿಸಿ, ಒಳಗಿದೆ ಎಂದು ಹೆಬ್ಬೆರಳು ಎತ್ತಿದಳು. ಆ ದಿನದ ಅತ್ಯುತ್ತಮ ಹೊಡೆತ ಅದು. ಮುಂದಿನ ಪಾಯಿಂಟನ್ನು ಅನ್ನೆಲೋರೆಯ ಸರ್ವಿಸ್ ಗೆದ್ದುಕೊಟ್ಟಿತು. ಮೂರು-ಮೂರು ಸಮ. ಹಾಸೆಲ್‌ವೆಲ್ಡೆ ಉಳಿಯಿತು.

ಎಲ್ಲರೂ ಕೋರ್ಟಿಗೆ ನುಗ್ಗಿ ಅಪ್ಪಿಕೊಂಡರು. ಯೊರಿಂಡೆ ಎಡಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಬಲಗೈಯಿಂದ ಎಲ್ಲರ ಬೆನ್ನು ತಟ್ಟಿದಳು. ಆಮೇಲೆ ಕ್ಯಾಂಟೀನಿನಲ್ಲಿ ಹಾಡು ಶುರುವಾದಾಗ, ಬಿಯರ್ ಬಾಟಲಿ ತಣ್ಣಗಾಗಲು ಇಟ್ಟಿದ್ದ ಮಂಜುಗಡ್ಡೆಯ ತೊಟ್ಟಿಯ ಪಕ್ಕ ಕೂತು, ಕೈಯನ್ನು ಮೊಣಕೈವರೆಗೆ ಒಳಗೆ ಮುಳುಗಿಸಿದಳು.

"ಏಯ್, ಅಡೀಲಿರೋ ತಣ್ಣನೇದು ನಿನಗೇನಾ? ನನಗೂ ಒಂದು ತೆಗಿ," ಎಂದ ಕ್ಲಬ್ಬಿನ ಖಜಾಂಚಿ.

ಅವಳು ಬಲಗೈಯಿಂದ ಒಂದನ್ನು ತೆಗೆದುಕೊಟ್ಟಳು.

ಸಂಜೆ ಕೋರ್ಟು ಸಮ ಮಾಡುವ ರೋಲರ್ ಇಡುವ ಕೊಟ್ಟಿಗೆಯ ಹಿಂದೆ ನಿಂತು ಫ್ಲೋರಿಯಾಂಗೆ ಫೋನ್ ಮಾಡಿದಳು. ಆಚೆ ಹೊಲದಿಂದ ಹಂದಿಗಳ ವಾಸನೆ ಬರುತ್ತಿತ್ತು. ಬೈಯುತ್ತಾನೆ ಎಂದುಕೊಂಡಿದ್ದಳು.

"ತಿರುಗಿಸಿದಾಗ ಟಕ್ ಅನ್ನುತ್ತಾ?" ಎಂದು ಕೇಳಿದ.

"ಹೂಂ."

"ಪ್ರತಿ ಸಲ?"

"ಪ್ರತಿ ಸಲ."

"ನಾಳೆ ಸ್ಕ್ಯಾನ್ ಮಾಡ್ಸು. ಪ್ಯಾರಿಸ್‌ನೋರಿಗೆ ನಾನೇ ತಿಳಿಸ್ತೀನಿ."

ಕಾರಿನಲ್ಲಿ ಅಪ್ಪನಿಗೆ ಹೇಳಿದಳು. ಮಾರ್ನಿಕ್ಸ್ ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೇನು ಮಾಡ್ತಿದ್ದೆ?"

"ಕಾರಿನ ಬೀಗ ಹಾಕಿ ಕೀಲಿ ಕಾಲುವೆಗೆ ಎಸೀತಿದ್ದೆ." ಮತ್ತೆ ಕಾರು ಶುರು ಮಾಡುತ್ತಾ, "ಗೊಡೆಲೀವೆಗೆ ಹೀಗಾಯ್ತು ಅಂತ ಹೇಳ್ಬೇಡ. ಸತ್ತೇ ಹೋಗ್ತಾಳೆ," ಎಂದ. ಪ್ಯಾರಿಸ್‌ಗೆ ತಯಾರಾಗುವಾಗ ಕೈ ಹೋಯಿತು ಎಂದು ಊರಿಗೆ ಹೇಳಿದ್ದು ಅವನೇ. ಗುಟ್ಟು ಕಾಯುವುದು ಅವನಿಗೂ ಬರುತ್ತದೆ ಎಂದು ಮಗಳಿಗೆ ಗೊತ್ತಾದದ್ದು ಆಗ.

ಜೂನ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಟೆನಿಸ್‌ನಲ್ಲಿ ಗಳಿಸಿದ ಪಾಯಿಂಟಿಗೆ ಒಂದೇ ವರ್ಷದ ಆಯಸ್ಸು. ಹಿಂದಿನ ವರ್ಷ ಯಾವ ವಾರ ಗೆದ್ದಿದ್ದಳೋ ಆ ವಾರ ಬಂದಂತೆ ಅವು ಉದುರಿದವು. ಸೋಮವಾರ ಬೆಳಿಗ್ಗೆ ಹೊಸ ಕ್ರಮಾಂಕ ಪ್ರಕಟವಾಗುತ್ತಿತ್ತು. ಇನ್ನೂರ ಅರವತ್ತು, ಮುನ್ನೂರ ಹತ್ತು, ಐನೂರು. ಚಳಿಗಾಲದ ಹೊತ್ತಿಗೆ ಅವಳು ನೋಡುವುದನ್ನೇ ಬಿಟ್ಟಳು.

ಒಂದು ಆಸೆ ಉಳಿದಿತ್ತು. ದೀರ್ಘಕಾಲ ಗಾಯಗೊಂಡವರು ಹಳೆಯ ಕ್ರಮಾಂಕದ ಬಲದ ಮೇಲೆ ಕೆಲವು ಟೂರ್ನಿಗಳಿಗೆ ಸೇರಬಹುದು. ಪ್ಯಾರಿಸ್ ಕೂಡ ಅದರಲ್ಲೊಂದು. ಜನವರಿಯಿಂದ ಅವಳು ಮತ್ತೆ ಆಡಿದಳು. ಮಣಿಕಟ್ಟು ನೋಯುತ್ತಿರಲಿಲ್ಲ. ಆದರೆ ವೇಗದ ಚೆಂಡು ಬಂದಾಗ ಎಡಗೈ ಒಂದು ಕ್ಷಣ ಹಿಂಜರಿಯುತ್ತಿತ್ತು, ಅಪ್ಪಣೆ ಕೇಳುವಂತೆ. ಆ ಒಂದು ಕ್ಷಣದಲ್ಲಿ ಚೆಂಡು ದಾಟಿಹೋಗುತ್ತಿತ್ತು. ವೈದ್ಯರು ಕೈ ಸರಿಯಾಗಿದೆ ಎಂದರು.

ಮರುವರ್ಷ ಮೇ ತಿಂಗಳಲ್ಲಿ ಅವಳು ಪ್ಯಾರಿಸ್‌ಗೆ ಹೋದಳು. ಊರಿನವರು ಬಸ್ಸು ಮಾಡಿಕೊಂಡು ಬಂದರು. ಹೊರಗಿನ ಸಣ್ಣ ಕೋರ್ಟು, ಎದುರಾಳಿ ರುಮೇನಿಯದವಳು. ಮೂರನೇ ಗೇಮಿನ ಹೊತ್ತಿಗೆ ಆ ರುಮೇನಿಯದವಳಿಗೆ ಎಲ್ಲ ತಿಳಿದುಹೋಯಿತು. ಆಮೇಲೆ ಎಲ್ಲ ಚೆಂಡೂ ಎಡಕ್ಕೇ ಬಂತು. ಯೊರಿಂಡೆ ಕೊಯ್ದಳು, ಎತ್ತಿದಳು, ಓಡಿದಳು. ಆರು-ಒಂದು, ಆರು-ಸೊನ್ನೆ. ಊರಿನವರು ಕೊನೆಯವರೆಗೂ ಹಾಡುತ್ತಿದ್ದರು. ಸೋಲುವಾಗ ಹೆಚ್ಚು ಜೋರಾಗಿ ಹಾಡಬೇಕು ಎಂಬುದು ಅವರ ತಿಳುವಳಿಕೆ.

ಡ್ರೆಸ್ಸಿಂಗ್ ಕೋಣೆಯ ಹೊರಗೆ ಫ್ಲೋರಿಯಾಂ ಗೋಡೆಗೆ ಒರಗಿ ನಿಂತಿದ್ದ.

"ನಮೂರ್‌ನ ಒಬ್ಬ ಹುಡುಗಿ ಕೋಚ್ ಆಗು ಅಂತ ಕೇಳ್ತಿದಾಳೆ. ಹದಿನೇಳು ವರ್ಷ," ಎಂದ.

"ಒಪ್ಕೊ."

"ನಿನ್ನನ್ನ ಕೇಳ್ದೆ ಒಪ್ಕೊಳ್ಳಲ್ಲ ಅಂದಿದ್ದೆ."

"ಕೇಳಿದ್ಯಲ್ಲಾ. ಒಪ್ಕೊ." ಯೊರಿಂಡೆ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. "ಅವಳ ಬ್ಯಾಕ್‌ಹ್ಯಾಂಡ್ ಹೇಗಿದೆ?"

ಫ್ಲೋರಿಯಾಂ ನೆಲ ನೋಡಿದ. "ಚೆನ್ನಾಗಿದೆ," ಎಂದ.

ಆ ಭಾನುವಾರ ಇಂಟರ್‌ಕ್ಲಬ್ ಇತ್ತು. ಯೊರಿಂಡೆ ಆಡಿ, ಪರೀಕ್ಷೆ ಓದುತ್ತಿದ್ದ ಒಬ್ಬ ಕಾಲೇಜು ಹುಡುಗಿಯ ಎದುರು ಮೂರು ಸೆಟ್ಟಿನಲ್ಲಿ ಸೋತಳು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಉಳಿದವರು ಗೆದ್ದಿದ್ದರು. ಉದ್ದ ಮೇಜಿನ ಸುತ್ತ ಸೂಪಿನ ಬಟ್ಟಲುಗಳು ಬಂದವು.

"ಪ್ಯಾರಿಸ್‌ಗೆ ಹೋಗಿ ಬಂದ್ಯಲ್ಲಾ, ಅದೇ ದೊಡ್ಡದು," ಎಂದ ಖಜಾಂಚಿ. "ನಮ್ಮೂರಿಂದ ಬೇರೆ ಯಾರು ಹೋಗಿದಾರೆ ಹೇಳು?"

"ನಾನು ಹೋಗಿದೀನಿ, ಮಧುಚಂದ್ರಕ್ಕೆ," ಎಂದಳು ಅನ್ನೆಲೋರೆ. "ನನ್ನದೂ ಮೊದಲನೇ ಸುತ್ತಲ್ಲೇ ಮುಗೀತು."

ಮೇಜೆಲ್ಲ ನಕ್ಕಿತು. ಯೊರಿಂಡೆಯೂ ನಕ್ಕಳು. ಮಾರ್ನಿಕ್ಸ್ ಮಾತ್ರ ಬ್ರೆಡ್ ಮುರಿಯುತ್ತಾ ಮಗಳ ಮುಖ ನೋಡಿದ, ಮತ್ತೆ ಬ್ರೆಡ್ ನೋಡಿದ.

ಗೊಡೆಲೀವೆ ಹಿಂದಿನಿಂದ ಬಂದು ಯೊರಿಂಡೆಯ ಎರಡೂ ಭುಜದ ಮೇಲೆ ಕೈ ಇಟ್ಟಳು. ಆ ವರ್ಷ ಅವಳು ತುಂಬ ಖುಷಿಯಲ್ಲಿದ್ದಳು. ಹುಡುಗಿ ಈಗ ಯಾವ ದೇಶಕ್ಕೂ ಓಡುತ್ತಿರಲಿಲ್ಲ, ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ.

"ಮುಂದಿನ ವರ್ಷಾನೂ ನಮ್ ಜೊತೇನೇ ತಾನೇ ಕಂದಾ?"

"ಇನ್ನೆಲ್ಲಿಗೆ ಹೋಗ್ಲಿ ಆಂಟಿ?"

"ಕೇಳಿದ್ರಾ!" ಎಂದು ಗೊಡೆಲೀವೆ ಇಡೀ ಕ್ಯಾಂಟೀನಿಗೆ ಕೇಳುವಂತೆ ಕೂಗಿದಳು. ಎಲ್ಲರೂ ಮೇಜು ಕುಟ್ಟಿ ಹುಡುಗಿಯ ಹೆಸರು ಹಾಡತೊಡಗಿದರು. ಯೊರಿಂಡೆ ತಲೆ ತಗ್ಗಿಸಿ, ಆರಿದ ಸೂಪನ್ನು ಕುಡಿಯುತ್ತಲೇ ಇದ್ದಳು.