ಮೊದಲೇ ಬಂದ ಪೆಟ್ಟಿಗೆ

ಆ ವಾರದಲ್ಲಿ ಮಂಜೇಶ್ ನಾಲ್ಕು ಸಾವಿನ ಮನೆ ನೋಡಿದ್ದ. ನೆಂಟರಿಷ್ಟರು ಬಂದು ಸೇರುವವರೆಗೆ ಹೆಣ ಕೆಡದಂತೆ ಇಡುವ ಫ್ರೀಜರ್ ಪೆಟ್ಟಿಗೆಯನ್ನು ಊರೂರಿಗೆ ಒಯ್ಯುವುದು, ಮಣ್ಣಾದ ಮೇಲೆ ವಾಪಸ್ ತರುವುದು ಅವನ ಕೆಲಸ. ಪೆಟ್ಟಿಗೆ ದೇವನಹಳ್ಳಿಯ ಶಾಮಿಯಾನ ಅಂಗಡಿಯ ವೆಂಕಟರಾಮಪ್ಪನದು. ಅದನ್ನು ಎಳೆಯುವ ಬೈಕು ಮತ್ತು ಬೈಕಿನ ಹಿಂದಿನ ಟ್ರಾಲಿ ಮಂಜೇಶನವು.

ಮುನ್ನೂರೈವತ್ತು ಸಿಸಿಯ ಹಳೇ ಬೈಕು. ಕಬ್ಬಿಣದ ಪಟ್ಟಿ ಕೂಡಿಸಿ, ಗುಜರಿಯಲ್ಲಿ ಸಿಕ್ಕ ಎರಡು ಸ್ಕೂಟರ್ ಚಕ್ರ ಹಾಕಿಸಿ, ಟ್ರಾಲಿಯನ್ನು ವಿಜಯಪುರದಲ್ಲಿ ವೆಲ್ಡಿಂಗ್ ಮಾಡಿಸಿದ್ದ. ಹಳ್ಳಿಯ ಸಂದಿಗಳಲ್ಲಿ ಟೆಂಪೊ ನುಗ್ಗುವುದಿಲ್ಲ, ಇದು ನುಗ್ಗುತ್ತದೆ. ಅಷ್ಟೇ ಇದರ ಸುಖ. ವೇಗ ಮೂವತ್ತೈದು ದಾಟಿದರೆ ಟ್ರಾಲಿ ಹಿಂದೆ ಅತ್ತಿತ್ತ ಹೊಯ್ದಾಡುತ್ತದೆ. ಬ್ರೇಕ್ ಹಿಡಿದರೆ ಭಾರವೆಲ್ಲ ಬಂದು ಸೊಂಟಕ್ಕೆ ಗುದ್ದುತ್ತದೆ. ಹಿಂದಕ್ಕೆ ಹೋಗುವ ಮಾತೇ ಇಲ್ಲ. ತಿರುಗಿಸಬೇಕಾದರೆ ಕೊಂಡಿಯ ಪಿನ್ನು ಕಿತ್ತು, ಟ್ರಾಲಿಯನ್ನು ಬೈಕಿನಿಂದ ಬಿಡಿಸಿ, ಕೈಯಲ್ಲೇ ದಬ್ಬಬೇಕು. ಮೂರು ವರ್ಷ ಹೀಗೆ ದಬ್ಬಿ ದಬ್ಬಿ ಅವನ ಬಲಭುಜ ಬೆಳಗಿನ ಹೊತ್ತು ಮೇಲಕ್ಕೇಳುತ್ತಿರಲಿಲ್ಲ. ರಸ್ತೆಯಲ್ಲಿ ಎದುರು ಬಂದವರು ಪೆಟ್ಟಿಗೆ ಕಂಡ ಕೂಡಲೇ ಮುಖ ತಿರುಗಿಸುತ್ತಿದ್ದರು. ಪೊಲೀಸರು ಕೂಡ ಅಡ್ಡ ಹಾಕದೆ, ಹೋಗು ಹೋಗು ಎಂದು ಕೈಬೀಸುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಸೂಲಿಬೆಲೆ ಕಡೆಯಿಂದ ಬಂದವನು ಅಂಗಡಿಯ ಹಿಂದೆ ಪೆಟ್ಟಿಗೆಗೆ ಫಿನಾಯಿಲ್ ಹಾಕಿ ತೊಳೆಯುತ್ತಿದ್ದಾಗ ವೆಂಕಟರಾಮಪ್ಪ ಹೊರಗೆ ಬಂದ.

"ಇನ್ನೊಂದೈತೆ ಕಣೋ. ನಲ್ಲೂರು ಹುಣಸೆ ತೋಪು ದಾಟಿ ಒಂದು ಮೈಲಿ. ಪಿಳ್ಳಣ್ಣ ಅಂತ, ದ್ರಾಕ್ಷಿ ತೋಟದೋರು. ಮಗ ಫೋನ್ ಮಾಡಿದ್ದ."

"ಮುಖ ತೊಳ್ಕೊಂಡು ಹೋಗ್ತೀನಣ್ಣ."

"ತೊಳ್ಕೊ. ಪಾಪ, ಅವಸರದಲ್ಲಿದ್ದ."

ಮಂಜೇಶ್ ಮುಖ ತೊಳೆದ, ತಿಂಡಿ ತಿನ್ನಲಿಲ್ಲ. ದಾರಿಯುದ್ದಕ್ಕೂ ಕಣ್ಣು ಎಳೆಯುತ್ತಿದ್ದವು. ಬಿಸಿಲೇರುತ್ತಿದ್ದಂತೆ ಒಮ್ಮೆ ಬೈಕು ರಸ್ತೆಯ ಅಂಚಿಗೆ ಹೋಗಿ, ಟ್ರಾಲಿಯ ಚಕ್ರ ಮಣ್ಣಿಗಿಳಿದು ಪೆಟ್ಟಿಗೆ ದಡಬಡಿಸಿದಾಗಲೇ ಎಚ್ಚರವಾದದ್ದು. ನಿಲ್ಲಿಸಿ ಹೆಲ್ಮೆಟ್ ತೆಗೆದು, ಬಾಟಲಿಯ ನೀರನ್ನು ತಲೆಗೆ ಸುರಿದುಕೊಂಡು ಮತ್ತೆ ಹೊರಟ.

ಸಾವಿನ ಮನೆಯನ್ನು ಹುಡುಕುವುದು ಅವನಿಗೆ ಎಂದೂ ಕಷ್ಟವಾಗಿರಲಿಲ್ಲ. ಬಾಗಿಲ ಮುಂದೆ ಸೌದೆಯ ಹೊಗೆ ಇರುತ್ತದೆ, ತಮಟೆ ಕೇಳುತ್ತದೆ, ಅಳು ಕೇಳುತ್ತದೆ. ಈ ಊರಿನಲ್ಲಿ ಏನೂ ಇರಲಿಲ್ಲ. ಎರಡು ಸಲ ವಿಚಾರಿಸಿ ಒಂದು ಸಂದಿಗೆ ನುಗ್ಗಿದರೆ, ಮನೆಯ ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಸುಮ್ಮನೆ ಕೂತಿದ್ದರು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ನಲವತ್ತೈದರ ಒಬ್ಬಾತ ಚಪ್ಪಲಿ ಮೆಟ್ಟದೆ ಓಡಿಬಂದ. ಅವನೇ ಮಗ, ಉಮಾಶಂಕರ್.

"ಅಣ್ಣ, ಇಲ್ಲಿ ಬೇಡ. ಸ್ವಲ್ಪ ಆಚೆ ನಿಲ್ಸಿ. ಇನ್ನೂ ಆಗಿಲ್ಲ."

"ಏನು ಆಗಿಲ್ಲ?"

"ಅಪ್ಪ ಇನ್ನೂ ಇದಾರೆ."

ಮಂಜೇಶ್ ಬೈಕಿನ ಮೇಲೆ ಕೂತೇ ಅವನ ಮುಖ ನೋಡಿದ. ಐದು ದಿನ ಗಡ್ಡ ಬೋಳಿಸದ ಮುಖ. ತನ್ನದಕ್ಕಿಂತಲೂ ಹೆಚ್ಚು ದಣಿದದ್ದು. ಉಮಾಶಂಕರ್ ತಗ್ಗಿದ ದನಿಯಲ್ಲಿ ಹೇಳಿಕೊಂಡ. ಆಸ್ಪತ್ರೆಯಲ್ಲಿ ಕೈಚೆಲ್ಲಿ, ಮನೆಗೆ ಕರ್ಕೊಂಡು ಹೋಗಿ, ಇವತ್ತು ಮಧ್ಯಾಹ್ನದ ತನಕ ಇದ್ದರೆ ಹೆಚ್ಚು ಎಂದಿದ್ದರು. ಹೋದ ವರ್ಷ ಚಿಕ್ಕಪ್ಪ ತೀರಿಕೊಂಡಾಗ ಎಲ್ಲೂ ಪೆಟ್ಟಿಗೆ ಸಿಗದೆ, ಮಾರನೆಯ ದಿನ ಬಂದ ಮಗಳಿಗೆ ಅಪ್ಪನ ಮುಖ ತೋರಿಸುವಂತಿರಲಿಲ್ಲ. "ಅದು ನೆನಪಾಗಿ ಮುಂಚೇನೇ ಹೇಳ್ಬಿಟ್ಟೆ. ತಪ್ಪಾಯ್ತು ಅನ್ಸುತ್ತೆ."

ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಮುದುಕಿ ಬಂದು ನಿಂತಿದ್ದಳು. ಪಿಳ್ಳಣ್ಣನ ಹೆಂಡತಿ ಪಾಪಕ್ಕ. ಟಾರ್ಪಾಲಿನ ಅಡಿಯಿಂದ ಹೊಳೆಯುತ್ತಿದ್ದ ಪೆಟ್ಟಿಗೆಯ ಗಾಜಿನ ಮುಚ್ಚಳವನ್ನು ಸ್ವಲ್ಪ ಹೊತ್ತು ನೋಡಿದಳು.

"ಯಾರು ಹೇಳಿದ್ದು ಇದನ್ನ?"

ಉಮಾಶಂಕರ್ ತಲೆ ತಗ್ಗಿಸಿದ.

"ಊರಾಚೆ ನಿಲ್ಸು ಹೋಗಪ್ಪ," ಎಂದು ಮಂಜೇಶನಿಗೆ ಹೇಳಿ ಒಳಗೆ ಹೋದಳು.

ಸಂದಿಯಲ್ಲಿ ತಿರುಗಿಸಲು ಜಾಗವಿರಲಿಲ್ಲ. ಮಂಜೇಶ್ ಟ್ರಾಲಿ ಬಿಡಿಸಿ, ಭುಜ ಕೊಟ್ಟು ಹಿಂದಕ್ಕೆ ದಬ್ಬಿದ. ಒಂದು ಚಕ್ರ ಮೋರಿಗಿಳಿಯಿತು. ಜಗಲಿಯ ಮೇಲಿದ್ದವರಲ್ಲಿ ಪೆಟ್ಟಿಗೆ ಮುಟ್ಟಲು ಯಾರಿಗೂ ಮನಸ್ಸಿರಲಿಲ್ಲ. ಉಮಾಶಂಕರ್ ಒಬ್ಬನೇ ಬಂದು ಎತ್ತಿಸಿದ. ಹಾಲಿನ ಡೇರಿಯ ಮುಂದೆ ಒಂದು ಹೊಂಗೆಮರ ಇತ್ತು. ಅದರ ನೆರಳಿಗೆ ಗಾಡಿ ತಂದು, ಮಂಜೇಶ್ ಕಟ್ಟೆಗೆ ಒರಗಿ ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಎದುರಿಗೆ ಪಾಪಕ್ಕ ನಿಂತಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬಿಸಿ ಉಪ್ಪಿಟ್ಟು.

"ತಿನ್ನು. ಬಯ್ದೆ ಅಂತ ಮನಸಿಗೆ ಹಾಕ್ಕಬೇಡ."

ಈ ಕೆಲಸಕ್ಕೆ ಇಳಿದ ಮೇಲೆ, ಹೋದ ಮನೆಯಲ್ಲಿ ಅವನು ಒಂದು ತುತ್ತು ತಿಂದಿರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅವನು ತಿನ್ನುವವರೆಗೂ ಪಾಪಕ್ಕ ಟ್ರಾಲಿಯ ಸುತ್ತ ಒಂದು ಸುತ್ತು ಬಂದು, ಚಕ್ರವನ್ನು ಕಾಲಿನಿಂದ ಒತ್ತಿ ನೋಡಿದಳು.

"ಇದನ್ನ ಎಷ್ಟು ಮೆಲ್ಲಗೆ ಓಡಿಸ್ತೀಯ?"

"ಎಷ್ಟು ಬೇಕಾದ್ರೂ ಮೆಲ್ಲಗೆ ಹೋಗುತ್ತೆ ಕಣಮ್ಮ. ಜೋರಾಗೇ ಹೋಗಲ್ಲ."

"ಅವ್ರು ಆಸ್ಪತ್ರೇಲಿದ್ದಾಗ್ಲಿಂದ ತೋಟ ತೋಟ ಅಂತವ್ರೆ. ಬೋರ್ ನೀರಲ್ಲಿ ಕಾಲಿಡ್ಬೇಕಂತೆ. ಕಾರಲ್ಲಿ ಕೂತ್ಕಳಕ್ಕೆ ಬೆನ್ನು ನಿಲ್ಲಲ್ಲ. ತೋಟದ ಓಣೀಲಿ ಕಾರೂ ಹೋಗಲ್ಲ. ಇದ್ರ ಮೇಲಾದ್ರೆ ಮಲಗಿಸ್ಕಂಡು ಹೋಗ್ಬಹುದು."

ಮಂಜೇಶನ ಕೈ ತಟ್ಟೆಯಲ್ಲೇ ನಿಂತಿತು. "ಅಮ್ಮ, ದಾರೀಲಿ ಏನಾದ್ರೂ ಆದ್ರೆ?"

"ಆದ್ರೆ ಆಯ್ತು. ಪೆಟ್ಗೆ ಹೆಂಗೂ ಬಂದೈತಲ್ಲ."

ಆಗುವುದಿಲ್ಲ ಎನ್ನಬೇಕೆಂದಿದ್ದ. ಏನಾದರೂ ಆದರೆ ನಾಳೆ ಊರವರೆಲ್ಲ ಅವನ ಮೇಲೆ ಬೀಳುತ್ತಾರೆ. ಆದರೆ ಇಲ್ಲ ಎಂದು ವಾದಿಸುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. "ನಿಮ್ಮ ಮಗನ್ನ ಒಂದು ಮಾತು ಕೇಳಿ," ಎಂದ.

ಉಮಾಶಂಕರ್ ಒಪ್ಪಲಿಲ್ಲ. "ಅಮ್ಮ, ಅದ್ರ ಮೇಲೆ ಯಾರ್‍ಯಾರನ್ನ ಹೊತ್ತವ್ರೋ."

"ತೊಳಿ," ಎಂದಳು ಪಾಪಕ್ಕ.

ಪೆಟ್ಟಿಗೆಯನ್ನು ಡೇರಿಯ ಜಗಲಿಗೆ ಇಳಿಸಿದರು. ಮಗನೇ ನಾಲ್ಕು ಬಿಂದಿಗೆ ನೀರು ಸುರಿದು ಟ್ರಾಲಿ ತೊಳೆದ. ರಾಗಿ ಹುಲ್ಲು ಹಾಸಿ, ಮೇಲೆ ಹಾಸಿಗೆ ಹಾಕಿ, ಪಿಳ್ಳಣ್ಣನನ್ನು ಕಂಬಳಿಯ ಸಮೇತ ಎತ್ತಿ ತಂದು ಮಲಗಿಸಿದರು. ಎಂಬತ್ತರ ಮುದುಕ, ಮೂಳೆಯಷ್ಟೇ ಉಳಿದಿದ್ದ. ಪಾಪಕ್ಕ ಅವನ ಮುಖಕ್ಕೆ ಬಿಸಿಲು ತಾಗದಂತೆ ಕೊಡೆ ಹಿಡಿದು ಪಕ್ಕದಲ್ಲಿ ನಡೆದಳು. ಉಮಾಶಂಕರ್ ಇನ್ನೊಂದು ಪಕ್ಕದಲ್ಲಿ ಟ್ರಾಲಿಯ ಕಂಬಿ ಹಿಡಿದಿದ್ದ.

ಮಂಜೇಶ್ ಮೊದಲ ಗೇರಿನಲ್ಲಿ, ಅರ್ಧ ಕ್ಲಚ್ಚಿನಲ್ಲಿ ಹೊರಟ. ಭಾರ ಪೆಟ್ಟಿಗೆಯದಕ್ಕಿಂತ ಕಡಿಮೆಯಿತ್ತು, ಆದರೂ ಬೆವರು ಇಳಿಯುತ್ತಿತ್ತು. ಪೆಟ್ಟಿಗೆಯನ್ನಾದರೆ ಗುಂಡಿಗೆ ಬಿಟ್ಟರೂ ಯಾರಿಗೂ ನೋಯುತ್ತಿರಲಿಲ್ಲ. ಈಗ ಪ್ರತಿ ಕಲ್ಲನ್ನೂ ನೋಡಿ ಬಳಸಬೇಕಿತ್ತು. ಅವನು ಕತ್ತು ತಿರುಗಿಸಿ ಮತ್ತೆ ಮತ್ತೆ ಹಿಂದೆ ನೋಡುತ್ತಿದ್ದ.

"ಯಾರಪ್ಪ ನೀನು?" ಹಿಂದಿನಿಂದ ಸಣ್ಣ ದನಿ ಬಂತು.

"ಮಂಜೇಶ್ ಅಂತ, ಯಜಮಾನ್ರೆ."

"ಪೆಟ್ಗೆ ತಂದೋನಾ?"

ಮಂಜೇಶನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೂಂ."

ಪಿಳ್ಳಣ್ಣ "ಮನೇಲಿ ಎಲ್ರೂ ನನ್ನ ಮೂಗೇ ನೋಡ್ಕಂಡು ಕೂತವ್ರೆ, ಉಸ್ರು ನಿಲ್ತಾ ಅಂತ. ನೀನಾದ್ರೂ ಮುಂದೆ ನೋಡ್ಕಂಡು ಓಡಿಸು," ಎಂದ.

ತೋಟಕ್ಕೆ ಇಳಿಯುವಲ್ಲಿ ಕಡಿದಾದ ಇಳಿಜಾರಿತ್ತು. ಮಂಜೇಶ್ ನಿಲ್ಲಿಸಿದ. ಭಾರ ಹಿಂದಿನಿಂದ ದಬ್ಬಿದರೆ ಇಲ್ಲಿ ಬೈಕು ನಿಲ್ಲುವುದಿಲ್ಲ ಎಂದು ಹೇಳಿ, ಟ್ರಾಲಿಯ ಹಿಂಬದಿಗೆ ಹಗ್ಗ ಕಟ್ಟಿದ. ಜಗಲಿಯ ಮೇಲೆ ಕೂತಿದ್ದ ನೆಂಟರು ಅಷ್ಟು ಹೊತ್ತಿಗೆ ಒಬ್ಬೊಬ್ಬರಾಗಿ ಹಿಂದೆ ಬಂದಿದ್ದರು. ಅವರಲ್ಲಿ ನಾಲ್ವರು ಹಗ್ಗ ಹಿಡಿದು, ಕಾಲೂರಿ ಬಿಗಿಹಿಡಿಯುತ್ತ ಇಳಿದರು. ನಡುವೆ ಒಮ್ಮೆ ಬೈಕಿನ ಮುಂದಿನ ಚಕ್ರ ಜಾರಿ, ಟ್ರಾಲಿ ಅಡ್ಡ ತಿರುಗಿತು. ಪಾಪಕ್ಕನ ಕೈಯಿಂದ ಕೊಡೆ ಬಿತ್ತು. ಉಮಾಶಂಕರ್ ಅಪ್ಪನ ಮೇಲೆ ಬಾಗಿ ಎರಡೂ ಕೈಯಲ್ಲಿ ತಬ್ಬಿ ಹಿಡಿದ. ಹಗ್ಗ ಹಿಡಿದವರು ಬಿಡಲಿಲ್ಲ. ಮಂಜೇಶ್ ಎರಡೂ ಕಾಲು ಊರಿ, ನೋಯುವ ಭುಜದಲ್ಲೇ ಹ್ಯಾಂಡಲ್ ತಡೆದು ನಿಂತ.

"ಇದಕ್ಕಿಂತ ಎತ್ತಿನ ಗಾಡಿ ವಾಸಿ," ಎಂದ ಪಿಳ್ಳಣ್ಣ, ಮಗನ ಎದೆಯ ಅಡಿಯಿಂದ.

ಬೋರಿನ ಹತ್ತಿರ ಹೋದಾಗ ಕರೆಂಟು ಇರಲಿಲ್ಲ. ಮೋಟಾರು ಓಡಲು ಬೇಕಾದ ತ್ರೀಫೇಸ್ ಬರುವುದು ಹನ್ನೊಂದಕ್ಕೆ. ಟ್ರಾಲಿಯನ್ನು ದ್ರಾಕ್ಷಿ ಚಪ್ಪರದ ಕೆಳಗೆ ನಿಲ್ಲಿಸಿ ಕಾದರು. ಕಾಯಿ ಆಗಷ್ಟೇ ಬಣ್ಣ ತಿರುಗುತ್ತಿತ್ತು. ಪಿಳ್ಳಣ್ಣ ಮಲಗಿದಲ್ಲಿಂದಲೇ ಗೊಂಚಲುಗಳನ್ನು ನೋಡುತ್ತ, ಯಾವ ಕಂಬ ಓರೆಯಾಗಿದೆ, ಯಾವ ತಂತಿ ಬಿಗಿಯಬೇಕು ಎಂದು ಮಗನಿಗೆ ತಡೆದು ತಡೆದು ಹೇಳಿದ. ಉಮಾಶಂಕರ್ ಹೂಂ ಹೂಂ ಎಂದು, ಎದ್ದು ಹೋಗಿ ಒಂದು ಕಂಬವನ್ನು ನಿಜವಾಗಿಯೂ ಸರಿಮಾಡಿ ಬಂದ. ಕರೆಂಟು ಬಂದು ಪೈಪಿನಲ್ಲಿ ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬಿತ್ತು. ತೊಟ್ಟಿಯ ಅಂಚಿಗೆ ಟ್ರಾಲಿ ದಬ್ಬಿ, ಮುದುಕನ ಕಾಲುಗಳನ್ನು ಇಳಿಬಿಟ್ಟರು. ಪಾಪಕ್ಕ ಬಾಗಿ ಅವನ ಪಾದಗಳನ್ನು ಉಜ್ಜಿ ತೊಳೆದಳು. ಆಸ್ಪತ್ರೆಯ ಪ್ಲಾಸ್ಟರಿನ ಅಂಟು ಇನ್ನೂ ಹೋಗಿರಲಿಲ್ಲ, ಅದನ್ನೂ ಉಗುರಿನಿಂದ ಕೆರೆದು ತೆಗೆದಳು.

"ತಣ್ಣಗೈತೆ," ಎಂದ ಪಿಳ್ಳಣ್ಣ. ಅದನ್ನೇ ಇನ್ನೊಂದು ಸಲ ಹೇಳಿ, ಹಾಗೆಯೇ ನಿದ್ದೆ ಹೋದ.

ಪಾಪಕ್ಕ ಮೂಗಿನ ಹತ್ತಿರ ಕೈಯಿಟ್ಟು ನೋಡಿದಳು. ನಿದ್ದೆಯೇ. ಮಂಜೇಶ್ ಚಪ್ಪರದ ಕಂಬಕ್ಕೆ ಒರಗಿ ಕೂತವನು ಯಾವಾಗ ಉರುಳಿದನೋ ತಿಳಿಯದು. ಎಬ್ಬಿಸಿದಾಗ ಗಂಟೆ ಒಂದಾಗಿತ್ತು. ತಲೆಯ ಕೆಳಗೆ ಯಾರೋ ಟವೆಲ್ ಮಡಚಿ ಇಟ್ಟಿದ್ದರು.

ವಾಪಸ್ ಏರು. ಆ ನಾಲ್ವರೇ ಹಿಂದಿನಿಂದ ತಳ್ಳಿದರು. ಕ್ಲಚ್ ಸುಟ್ಟ ವಾಸನೆ ಬಂದರೂ ಬೈಕು ಏರಿತು. ಮನೆಗೆ ಬಂದು ಮಲಗಿಸಿದ ಮೇಲೆ ಪಿಳ್ಳಣ್ಣ ಎರಡು ಚಮಚ ಗಂಜಿ ಕುಡಿದ. ಪೆಟ್ಟಿಗೆಯನ್ನು ಮತ್ತೆ ಏರಿಸುವಾಗ, ಬೆಳಿಗ್ಗೆ ಮುಟ್ಟದಿದ್ದವರು ಈಗ ಬಂದು ಕೈಕೊಟ್ಟರು.

"ತಗೊಂಡು ಹೊರಡು ಇದನ್ನ," ಎಂದಳು ಪಾಪಕ್ಕ. "ಬೇಕಾದಾಗ ಹೇಳ್ತೀವಿ."

ಮಧ್ಯಾಹ್ನಕ್ಕೆ ಮುಗಿಯುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದ ಮುದುಕ ಹನ್ನೊಂದು ದಿನ ಇದ್ದ. ಅದು ಮಂಜೇಶನಿಗೆ ಗೊತ್ತಾದದ್ದು ಮೂರು ವಾರದ ಮೇಲೆ, ಉಮಾಶಂಕರ್ ಅಂಗಡಿಗೆ ಹುಡುಕಿಕೊಂಡು ಬಂದಾಗ. ತಲೆ ಬೋಳಿಸಿದ್ದರಿಂದ ತಕ್ಷಣ ಗುರುತು ಸಿಗಲಿಲ್ಲ.

"ಪೆಟ್ಗೆ ಬೇಕಾಗ್ಲಿಲ್ಲ ಅಣ್ಣ. ಬರೋರೆಲ್ಲ ಮನೇಲೇ ಇದ್ರು. ಬೆಳಿಗ್ಗೆ ಹೋದ್ರು, ಮಧ್ಯಾಹ್ನ ಮಣ್ಣು ಮಾಡಿದ್ವಿ."

"ಕೊನೇಲಿ ಕಷ್ಟಪಟ್ರಾ?"

"ಪಟ್ರು. ಕೊನೇ ಮೂರು ದಿನ ತುಂಬಾನೇ ಪಟ್ರು." ಉಮಾಶಂಕರ್ ಬೋಳು ತಲೆ ಸವರಿಕೊಂಡು ಹೇಳಿದ, "ಅದಕ್ಕೆ ಮುಂಚೆ ಚೆನ್ನಾಗೇ ಇದ್ರು. ನೋಡಕ್ಕೆ ಬಂದೋರಿಗೆಲ್ಲ, ನನ್ನ ಮೆರವಣಿಗೆ ನಾನೇ ನೋಡ್ಕಂಡು ಬಂದೆ ಅಂತ ಹೇಳೋರು. ನಾಳಿದ್ದು ತಿಥಿ. ಅಮ್ಮ ನಿಮ್ಮನ್ನ ಕರ್ದು ಬಾ ಅಂದ್ರು."

ಪೆಟ್ಟಿಗೆಯವನನ್ನು ಯಾರೂ ತಿಥಿಗೆ ಕರೆದದ್ದಿಲ್ಲ. ಮಂಜೇಶ್ ಟ್ರಾಲಿ ಬಿಟ್ಟು ಬರೀ ಬೈಕಿನಲ್ಲಿ ಹೋದ. ಹಿಂದೆ ಭಾರವಿಲ್ಲದಿದ್ದರೂ ಅಭ್ಯಾಸಬಲದಿಂದ ತಿರುವಿಗೆ ಬಹಳ ಮುಂಚೆಯೇ ಬ್ರೇಕ್ ಹಿಡಿಯುತ್ತಿದ್ದ. ಎಲೆಯ ಮುಂದೆ ಕೂರಿಸಿ ಪಾಪಕ್ಕ ತಾನೇ ಬಡಿಸಿದಳು. ಕೈ ತೊಳೆದು ಬಂದವನ ಮುಖ ನೋಡಿ, "ಕಣ್ಣು ಒಳಕ್ಕೆ ಹೋಗವೆ. ಜಗಲಿ ಮೇಲೆ ಒಂದು ಗಳಿಗೆ ಮಲಗೆದ್ದು ಹೋಗು," ಎಂದು ಚಾಪೆ ಹಾಸಿದಳು.

ಅವನು ಮಲಗಿ ಕಾಲು ಗಂಟೆಯಾಗಿರಬಹುದು, ಇನ್ನೊಂದೈತೆ ಎಂದು ವೆಂಕಟರಾಮಪ್ಪನ ಫೋನ್ ಬಂತು. ಮಂಜೇಶ್ ಎದ್ದು ಚಾಪೆ ಸುತ್ತಿ ಗೋಡೆಗೆ ಒರಗಿಸಿ, ಪಾಪಕ್ಕನಿಗೆ ಹೋಗಿಬರ್ತೀನಿ ಎನ್ನದೆ ಬರೀ ಕೈಮುಗಿದು, ಬೈಕು ಹತ್ತಿದ.