ಮೂರನೇ ಮಿಷಿನ್ನಿನ ಸದ್ದು

ರಿಕ್ಷಾ ಓಡಿಸುವವನ ಹೆಂಡತಿಗೆ ಹೊನ್ನಾವರದಲ್ಲಿ ನಡೆಯುವ ಭಾಗ್ಯವಿಲ್ಲ. ಭಾರತಿ ಹದಿನೈದು ದಿನ ಒದ್ದಾಡಿ ಕಂಡುಕೊಂಡ ಸತ್ಯ ಇದು. ಸಕ್ಕರೆ ಕಾಯಿಲೆಗೆ ದಿನಾ ಅರ್ಧ ತಾಸು ನಡೆಯಿರಿ ಎಂದು ಡಾಕ್ಟರೇನೋ ಹೇಳಿದರು. ಬೆಳಿಗ್ಗೆ ಎದ್ದು ರಸ್ತೆಗೆ ಇಳಿದರೆ ಸಾಕು, ಒಂದಲ್ಲ ಒಂದು ರಿಕ್ಷಾ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಶ್ರೀಧರಣ್ಣನ ಹೆಂಡತಿ ನಡೆದುಕೊಂಡು ಹೋಗುವುದೆಂದರೇನು, ಹತ್ತಿ ಅತ್ತಿಗೆ, ಎಂದು ಓಡಿಸುವವನ ಒತ್ತಾಯ. ಒಲ್ಲೆ ಎಂದರೆ ಗಂಡ ಹೆಂಡತಿ ನಡುವೆ ಏನೋ ಆಗಿದೆ ಎಂದು ಸಂಜೆಯೊಳಗೆ ಸ್ಟ್ಯಾಂಡಿಗೆಲ್ಲ ಸುದ್ದಿ. ಹತ್ತಿದರೆ ವ್ಯಾಯಾಮಕ್ಕೆ ಎಳ್ಳುನೀರು. ಕೊನೆಗೆ ಶ್ರೀಧರನೇ ಸೋತು, ಮನೆಯೊಳಗೇ ನಡೆಯುವ ಮಿಷಿನ್ ತಂದುಬಿಡುವ ಎಂದ.

ಭಾರತಿಗೆ ಒಳಗೊಳಗೇ ಖುಷಿ. ಇಪ್ಪತ್ತೆರಡು ವರ್ಷದಿಂದ ರವಕೆ ಹೊಲಿಯುವವಳು, ಮಿಷಿನ್ ಎಂದರೆ ಅವಳಿಗೆ ಜೀವ. ತನ್ನ ಹೊಲಿಗೆ ಮಿಷಿನ್ನಿಗೆ ಎಲ್ಲಿ ಎಣ್ಣೆ ಬೇಕು, ಎಲ್ಲಿ ಸ್ಕ್ರೂ ಸಡಿಲ ಎಂಬುದನ್ನೆಲ್ಲ ಸದ್ದು ಕೇಳಿಯೇ ಹೇಳಬಲ್ಲಳು. ಆದರೆ ಆ ಖುಷಿಯ ಜೊತೆಗೇ ಒಂದು ಹೆದರಿಕೆಯೂ ಇತ್ತು, ಅದನ್ನು ಗಂಡನಿಗೂ ಹೇಳಿರಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳ ಅಂಗಾಲು ಜೋಮು ಹಿಡಿಯಲು ಶುರುವಾಗಿತ್ತು. ಡಾಕ್ಟರು ಅವಳ ಕಣ್ಣು ಮುಚ್ಚಿಸಿ, ಗಟ್ಟಿ ದಾರದಂಥದ್ದನ್ನು ಪಾದಕ್ಕೆ ತಾಗಿಸುತ್ತ, ಗೊತ್ತಾದಾಗ ಹೇಳಿ ಅಂದಿದ್ದರು. ಇವಳು ಅವರ ಕುರ್ಚಿ ಕಿರ್ರೆಂದಾಗೆಲ್ಲ ಹೂಂ, ಹೂಂ ಎನ್ನುತ್ತ ಪಾಸಾಗಿಬಿಟ್ಟಳು! ದೊಡ್ಡಮ್ಮ ಗಂಗೆಗೂ ಹೀಗೇ ಜೋಮಿನಿಂದ ಶುರುವಾಗಿ, ಗಾಯವಾಗಿ, ಒಂದು ಕಾಲನ್ನೇ ತೆಗೆದಿದ್ದರು. ಬಾಯಿಬಿಟ್ಟರೆ ತನ್ನದೂ ಅದೇ ಗತಿ, ಬಿಡದಿದ್ದರೆ ಏನೂ ಆಗದು ಎಂದು ಹುಚ್ಚಿ ನಂಬಿಕೊಂಡಿದ್ದಳು. ನಡೆದರೆ ಎಲ್ಲ ಸರಿಹೋಗುತ್ತದೆ ಎಂಬುದೊಂದೇ ಜಪ.

ಮೊದಲು ಭಟ್ಕಳದಲ್ಲಿ ಯಾರೋ ಮಾರಲಿಟ್ಟಿದ್ದ ಹಳೆಯದನ್ನು ನೋಡಿ ಬಂದರು. ಅದರ ಮೇಲೆ ಯಾರೂ ನಡೆದಂತೆ ಕಾಣಲಿಲ್ಲ, ಒದ್ದೆ ಬಟ್ಟೆ ಒಣಗಿಸಿದ್ದೇ ಹೆಚ್ಚು. ಕಡಲ ಗಾಳಿಗೆ ಬೋಲ್ಟುಗಳೆಲ್ಲ ತುಕ್ಕು ಹಿಡಿದಿದ್ದವು. ಸಂಕ್ರಾಂತಿ ಕಳೆದ ಮೇಲೆ ರಿಕ್ಷಾದಲ್ಲೇ ಕುಮಟೆಗೆ ಹೋದರು. ಅಲ್ಲಿಯ ಅಂಗಡಿಯಲ್ಲಿ, ಹಬ್ಬದ ರಿಯಾಯಿತಿಯ ಕಾಗದ ಚುಚ್ಚಿದ್ದ ಗೋಡೆಯ ಪಕ್ಕ, ಮೂರು ಮಿಷಿನ್ ಸಾಲಾಗಿ ನಿಂತಿದ್ದವು. ಭಾರತಿ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟಳು. ಶೂ ಹಾಕಿಕೊಂಡು ಹತ್ತಬೇಕು ಅಕ್ಕ, ಬೇಕಾದರೆ ಕೊಡುತ್ತೇನೆ ಎಂದು ಅಂಗಡಿಯ ನಾಗರಾಜ ಹೇಳಿದ. ಆಯುಧಪೂಜೆಗೆ ಹೂವಿಟ್ಟು ಕೈಮುಗಿಯುವ ಮಿಷಿನ್ನನ್ನು ಯಾರಾದರೂ ಕೆರ ಹಾಕಿ ತುಳಿಯುತ್ತಾರೆಯೇ? ಅವಳು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬರಿಗಾಲಲ್ಲೇ ಹತ್ತಿದಳು. ನಾಗರಾಜನೂ ಬರಿಗಾಲಲ್ಲೇ ಇದ್ದವನು, ಶೂವಿನ ಮಾತು ಅಲ್ಲಿಗೇ ಬಿಟ್ಟ.

ಆಮೇಲೆ ಅವನಿಗೆ ಬೆವರು ಇಳಿಸಿದಳು. ಬೆಲ್ಟನ್ನು ಎರಡು ಬೆರಳಲ್ಲಿ ಹಿಡಿದು ಬಟ್ಟೆಯ ದಪ್ಪ ನೋಡುವಂತೆ ನೋಡಿದಳು. ಇದು ಸಡಿಲವಾದರೆ ಬಿಗಿ ಮಾಡುವುದು ಎಲ್ಲಿಂದ, ಎಣ್ಣೆ ಬಿಡುವ ತೂತು ಎಲ್ಲಿ, ನಡೆಯುತ್ತಿರುವಾಗಲೇ ಕರೆಂಟು ಹೋದರೆ ಮುಗ್ಗರಿಸುವುದೋ ಮೆಲ್ಲಗೆ ನಿಲ್ಲುವುದೋ ಎಂದೆಲ್ಲ ಕೇಳಿದಳು. ಎಣ್ಣೆಯ ವಿಷಯ ಕೇಳಿದ ಗಿರಾಕಿ ನೀವೇ ಮೊದಲು ಎಂದು ಅವನು ಒಪ್ಪಿಕೊಂಡ. ಮೊದಲನೆಯದರ ಬೆಲ್ಟು ತೀರಾ ಅಗಲ ಕಡಿಮೆ. ಎರಡನೆಯದು ಅವಳ ಭಾರಕ್ಕೇ ಏದುಸಿರು ಬಿಟ್ಟಿತು. ಮೂರನೆಯದು ಮಾತ್ರ ಒಂದೇ ಸಮನೆ ಗುಂಯ್ ಎಂದು ಹೊರಟಿತು, ಭಾರತಿಯ ಮುಖ ಅರಳಿತು. ಯಾರೂ ಹತ್ತಿ ಅನ್ನುವವರಿಲ್ಲ, ಎಲ್ಲಿಗೆ ಎಂದು ಕೇಳುವವರಿಲ್ಲ. ಹತ್ತು ನಿಮಿಷ ನಡೆದಳು. ಇಳಿದು ಅಂಗಡಿಯಲ್ಲಿ ಒಂದು ಸುತ್ತು ಹಾಕಿ, ಬೆಲೆ ಕೇಳಿ, ಮತ್ತೆ ಅದಕ್ಕೇ ಹತ್ತಿದಳು.

ಆಗ ಅವಳ ಕಿವಿ ನೆಟ್ಟಗಾಯಿತು. ಟಿಕ್. ಒಂದು ಹೆಜ್ಜೆ ಬಿಟ್ಟು ಮತ್ತೆ ಟಿಕ್.

"ಕೇಳ್ತಾ ತಮಾ? ಒಳಗೆ ಎಂತದೋ ಬಡೀತಾ ಅದೆ."

ನಾಗರಾಜ ಕಿವಿಗೊಟ್ಟ. ಹೌದು, ಸದ್ದಿತ್ತು. ಅವನೇ ಹತ್ತಿ ನಡೆದ, ಸದ್ದಿಲ್ಲ. ಶ್ರೀಧರ ಹತ್ತಿದ, ಆಗಲೂ ಇಲ್ಲ. ಭಾರತಿ ಹತ್ತಿದಳೋ, ಟಿಕ್ ಟಿಕ್. ಎಲಾ ಇದರ! ಅವಳಿಗೆ ಹುರುಪು ಏರಿತು. ಬಲಗಾಲು ಊರಿದಾಗ ಮಾತ್ರ ಬರುತ್ತದೆ ಎಂದು ಕಂಡುಹಿಡಿದಳು. ಹಾಗಾದರೆ ಬೆಲ್ಟಿನಡಿಯ ಹಲಗೆ ಬಲಬದಿಗೆ ಸಡಿಲಿದೆ, ಗಂಡಸರ ಹೆಜ್ಜೆ ಅಗಲ, ಅಲ್ಲಿ ಬೀಳುವುದಿಲ್ಲ ಎಂದು ತೀರ್ಮಾನವನ್ನೂ ಕೊಟ್ಟಳು. ನಾಗರಾಜ ಪಾಪ, ತಲೆ ಕೆರೆದುಕೊಂಡು ಬೋಲ್ಟು ಬಿಗಿ ಮಾಡಿದ. ಆದರೂ ಟಿಕ್. ಕೆಳಗೆ ಕೂತು ಸರಿಯಾಗಿ ನೋಡಿ ಎಂದು ಅವಳು ಗಂಡನಿಗೆ ಹೇಳಿದಳು, ತಾನು ನಡೆಯುತ್ತಲೇ ಇದ್ದಳು.

ಶ್ರೀಧರ ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದ. ಮೂರು ಹೆಜ್ಜೆ ನೋಡಿದವನು ಎದ್ದು, ಕೆಂಪು ಗುಂಡಿ ಒತ್ತಿ ಮಿಷಿನ್ ನಿಲ್ಲಿಸಿದ. ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಅವಳ ಬಲಗಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡ. ಹಿಮ್ಮಡಿಯಲ್ಲಿ ಒಂದು ಡ್ರಾಯಿಂಗ್ ಪಿನ್ನು, ಹಿತ್ತಾಳೆಯ ತಲೆಯಷ್ಟೇ ಹೊರಗೆ. ಹಬ್ಬದ ರಿಯಾಯಿತಿಯ ಕಾಗದ ಗೋಡೆಗೆ ಚುಚ್ಚಿದ್ದರಲ್ಲ, ಅದರಿಂದ ಬಿದ್ದದ್ದಿರಬೇಕು. ಇಷ್ಟು ಹೊತ್ತು ಬೆಲ್ಟಿಗೆ ಬಡಿಯುತ್ತಿದ್ದದ್ದು ಅದರ ತಲೆ.

ಶ್ರೀಧರ ಉಗುರು ಸೇರಿಸಿ ಪಿನ್ನು ಕಿತ್ತ. ರಕ್ತದ ಒಂದು ಹನಿ ಮೂಡಿತು. ನಾಗರಾಜ ಗಾಯಕ್ಕೆ ಹತ್ತಿ ತರಲು ಓಡಿದ.

"ನೋವಾಗ್ಲಿಲ್ವಾ ನಿಂಗೆ?"

ಆಗಿತ್ತು ಎನ್ನುವ ಮಾತು ಭಾರತಿಯ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಗಂಡನ ಅಂಗೈಯಲ್ಲಿದ್ದ ಪಿನ್ನನ್ನು ನೋಡಿದ್ದೇ, ಅವಳಿಗೆ ಬಾಯಿಬಿಟ್ಟರೆ ದೊಡ್ಡಮ್ಮನ ಗತಿ ಎಂಬ ಹೆದರಿಕೆ ಹಿಂದಾಗಿ, ಚುಚ್ಚಿದ್ದೂ ಗೊತ್ತಾಗದ ಈ ಕಾಲಿನ ಹೆದರಿಕೆ ಮುಂದಾಯಿತು.

"ಇಲ್ಲ. ಈಗ ಎಳ್ದದ್ದೂ ಗೊತ್ತಾಗ್ಲಿಲ್ಲ. ಡಾಕ್ಟ್ರ ಹತ್ರ ಸುಳ್ಳು ಹೇಳಿದ್ದೆ."

ಎಷ್ಟು ದಿನದಿಂದ ಎಂದು ಕೇಳಿದ. ದೀಪಾವಳಿಯಿಂದ ಎಂದಳು. ಶ್ರೀಧರನಿಗೆ ಉರಿದುಹೋಯಿತು, ಬೈಯಲು ಬಾಯಿ ತೆರೆದವನು ಪಿನ್ನನ್ನು ಜೇಬಿಗೆ ಹಾಕಿಕೊಂಡ. ಮಿಷಿನ್ ಆಮೇಲೆ ನೋಡುವ, ಈಗಲೇ ಡಾಕ್ಟರ ಹತ್ತಿರ ಹೋಗುವ ಎಂದಷ್ಟೇ ಹೇಳಿ ಏಳಲು ಹೊರಟ.

ಆತು ಎಂದಳು ಭಾರತಿ. ಆದರೆ ತಾನು ಏಳಲಿಲ್ಲ. ಸೀರೆಯ ನೆರಿಗೆ ಸ್ವಲ್ಪ ಎತ್ತಿಕೊಂಡು, ಎಡಗಾಲನ್ನೂ ಗಂಡನ ಮುಂದೆ ಚಾಚಿದಳು.

"ಇದನ್ನೂ ಒಂಚೂರು ನೋಡಿ," ಅಂದಳು. "ನಂಗೆ ಗೊತ್ತಾಗೂದಿಲ್ಲ."