ಹಿಂದಕ್ಕೆ ಹೋಗುವ ಬಟನ್

ಚೇರ್ಮನ್ ಲ್ಯಾವ್ ಅವರಿಗೆ ಹಿಂದಕ್ಕೆ ಹೋಗುವುದೆಂದರೆ ಆಗುತ್ತಿರಲಿಲ್ಲ. ಅದೂ ಸ್ವಂತ ಬುದ್ಧಿಯಿಂದಲ್ಲ, ವಾಸ್ತು ನೋಡುವ ಗುರುವೊಬ್ಬ ಕಿವಿ ಕಚ್ಚಿದ ಮೇಲೆ. ಹಿಂದಕ್ಕೆ ನಡೆಯುವ ಸಾಮಾನು ಮಾರಿದರೆ ಮನೆಗೆ ಬಂದ ಸಂಪತ್ತೂ ಹಿಂದಕ್ಕೆ ನಡೆಯುತ್ತದೆ ಎಂದನಂತೆ ಮಹಾಶಯ. ಚೇರ್ಮನ್ನರು ಆ ಮಾತಿಗೆ ದುಡ್ಡು ತುಂಬಿದ ಒಂದು ದಪ್ಪ ಕೆಂಪು ಲಕೋಟೆ ಕೊಟ್ಟು ಕಳಿಸಿ, ಮರುದಿನ ಬೆಳಿಗ್ಗೆಯೇ ತಮ್ಮ ಕಂಪನಿಯಲ್ಲಿ ಕಂಪ್ಯೂಟರ್ ಮೌಸ್ ವಿನ್ಯಾಸ ಮಾಡುವ ಪೇಶಾನಳ ಮೇಜಿನ ಹತ್ತಿರ ಬಂದರು. ಅವಳು ಎರಡು ವರ್ಷ ಕೂತು ತಿದ್ದಿದ ಮೌಸಿನ ಮೇಲೆ ಬೆರಳಿಟ್ಟು, "ಇದೊಂದು ಬಟನ್ ತೆಗೆದುಬಿಡಮ್ಮ" ಎಂದರು. ಚಹಾದಲ್ಲಿ ಬಿದ್ದ ನೊಣ ತೆಗೆ ಎನ್ನುವಷ್ಟು ಸಲೀಸಾಗಿ.

ಆ ಮೌಸ್ ಎಂಥದೆಂದು ಮೊದಲು ಹೇಳಬೇಕು. ಕಂಪ್ಯೂಟರಿನಲ್ಲಿ ಕಾಳಗದ ಆಟ ಆಡುವವರು ಬಲಗೈಯಲ್ಲಿ ಮೌಸ್ ಹಿಡಿದು ಗುರಿ ಇಡುತ್ತಾರೆ, ಎಡಗೈಯನ್ನು ಕೀಬೋರ್ಡಿನ ಮೇಲಿಟ್ಟು ಸಿಪಾಯಿಯನ್ನು ನಡೆಸುತ್ತಾರೆ. ಪೇಶಾನಳ ತಮ್ಮ ಯೂತಾಂಗನಿಗೆ ಎಡಗೈ ಇರಲಿಲ್ಲ. ಮಣಿಕಟ್ಟಿನಿಂದ ಕೆಳಗಿನದನ್ನು ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ತಗಡು ಒತ್ತುವ ಪ್ರೆಸ್ಸು ತಿಂದುಹಾಕಿತ್ತು. ಸಾನ್‌ಚುಂಗಿನ ಕಾರ್ಖಾನೆ ತುಂಬಿದ ಗಲ್ಲಿಗಳಲ್ಲಿ ಪ್ರೆಸ್ಸಿಗೆ ಬೆರಳು ಕೊಟ್ಟವರು ಒಂದೊಂದು ನೂಡಲ್ ಅಂಗಡಿಯಲ್ಲೂ ಒಬ್ಬರಾದರೂ ಸಿಗುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಆದರೆ ಅವನು ಓಣಿಯ ಹುಡುಗರನ್ನೆಲ್ಲ ಆಟದಲ್ಲಿ ಸೋಲಿಸುತ್ತಿದ್ದವನು. ಈಗ ಅದೇ ಹುಡುಗರು ಆಡುವಾಗ ಹಿಂದಿನ ಸ್ಟೂಲಿನ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದ. ಅದನ್ನು ನೋಡಿ ಪೇಶಾನಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮೌಸ್ ಹುಟ್ಟಿದ್ದು.

ಮೌಸಿನ ಬೆನ್ನಿನ ಮೇಲೆ ಬೆರಳು ಕೂರುವಂಥ ನಾಲ್ಕು ಗುಳಿಗಳು. ತೋರುಬೆರಳನ್ನು ಮುಂದಕ್ಕೆ ತಳ್ಳಿದರೆ ಸಿಪಾಯಿ ಮುಂದಕ್ಕೆ, ಹೆಬ್ಬೆರಳು ಒತ್ತಿದರೆ ಎಡಕ್ಕೆ, ಉಂಗುರಬೆರಳು ಒತ್ತಿದರೆ ಬಲಕ್ಕೆ. ನಡುಬೆರಳನ್ನು ತನ್ನ ಕಡೆಗೆ ಎಳೆದುಕೊಂಡರೆ ಹಿಂದಕ್ಕೆ. ಆ ಎಳೆಯುವ ಬಟನ್ನೇ ಅವಳ ಜೀವ ಹಿಂಡಿದ್ದು. ಸ್ಪ್ರಿಂಗ್ ಸಡಿಲವಾದರೆ ಕೈ ಇಟ್ಟ ಕೂಡಲೇ ಸಿಪಾಯಿ ಹಿಂದೆ ಹಿಂದೆ ಜಾರುತ್ತಿದ್ದ. ಬಿಗಿಯಾದರೆ ಅರ್ಧ ಆಟಕ್ಕೆ ಬೆರಳಿನ ಬುಡ ನೋಯುತ್ತಿತ್ತು. ಕೆತ್ತುವ ಮಣ್ಣಿನಲ್ಲಿ ಮಾದರಿ ಮಾಡುವುದು, ತಮ್ಮನ ಅಂಗೈಗೆ ಒತ್ತುವುದು, ಕೆರೆಯುವುದು, ಮತ್ತೆ ಮೆತ್ತುವುದು. ಅವನೋ ಒಂದು ಹೊಗಳಿಕೆ ಆಡಿದವನಲ್ಲ.

"ಅಕ್ಕಾ, ಇದು ಮೌಸಾ, ಹಳಸಿದ ಬನ್ನಾ?"

"ಮುಚ್ಕೊಂಡು ಆಡು. ಬೆರಳು ಎಲ್ಲಿ ನೋಯುತ್ತೆ ಹೇಳು."

"ಬೆರಳು ನೋಯಲ್ಲ. ನಿನ್ನ ಮುಖ ನೋಡಿದ್ರೆ ತಲೆ ನೋಯುತ್ತೆ."

ಕೊನೆಗೊಂದು ದಿನ ಅವನು ಕೂತಲ್ಲಿಂದ ಕದಲಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ. ಗುಂಡು ಹಾರಿಸುತ್ತಾ, ಹಿಂದೆ ಸರಿಯುತ್ತಾ, ಗೋಡೆಯ ಮರೆಗೆ ಹೋಗಿ ಮತ್ತೆ ನುಗ್ಗುತ್ತಾ ಆಡುತ್ತಲೇ ಇದ್ದ. ಮೌಸ್ ಸರಿಯಾಗಿದೆ ಎಂದು ಪೇಶಾನಳಿಗೆ ಗೊತ್ತಾಗಿದ್ದು ಹಾಗೆ.

ಅಂಥ ಬಟನ್ನನ್ನು ತೆಗೆದುಬಿಡು ಎಂದರೆ?

"ನಿಮ್ಮ ಕಾರಿಗೆ ರಿವರ್ಸ್ ಗೇರ್ ಇಲ್ವಾ ಚೇರ್ಮನ್ರೇ? ಗುರುಗಳು ಅದನ್ನೂ ಕೀಳಿಸಿದ್ರಾ?" ಎಂದು ಕೇಳಿಯೇಬಿಟ್ಟಳು.

"ಕಾರು ಬೇರೆ, ಇದು ಬೇರೆ. ಕಾರನ್ನ ನಾನು ಮಾರಲ್ಲ."

"ಹಿಂದೆ ಸರಿಯೋಕೆ ಆಗ್ದೆ ಇದ್ರೆ ಆಟದಲ್ಲಿ ಸಿಪಾಯಿ ಸಾಯ್ತಾನೆ."

"ತಿರುಗಿ ಓಡ್ಲಿ. ತಿರುಗಿ ಓಡಿದ್ರೆ ಅದೂ ಮುಂದಕ್ಕೇ ಓಡಿದ ಹಾಗೆ ಆಯ್ತಲ್ಲ."

"ಶತ್ರುಗೆ ಬೆನ್ನು ಕೊಟ್ಟಾ?"

"ಬೇಕಾದೋರು ಇನ್ನೊಂದು ಕೈಯಲ್ಲಿ ಕೀಬೋರ್ಡ್ ಒತ್ಕೊಳ್ಳಲಿ ಬಿಡಮ್ಮ!"

ಇನ್ನೊಂದು ಕೈ! ಮೌಸ್ ಹುಟ್ಟಿದ್ದೇ ಇನ್ನೊಂದು ಕೈ ಇಲ್ಲದವನಿಗಾಗಿ. ಅದು ಈ ಮನುಷ್ಯನಿಗೆ ಗೊತ್ತಿತ್ತು, ಗೊತ್ತಿದ್ದೂ ಹೀಗೆ ಅಂದರು. ಪೇಶಾನಳ ಮೈಯೆಲ್ಲ ಉರಿಯಿತು. ಅಷ್ಟಕ್ಕೇ ನಿಲ್ಲದೆ ಅವರು ಬಾಗಿಲ ಬಳಿ ತಿರುಗಿ, "ಮೌಸಿನ ಅಚ್ಚು ಕೊರೆಯೋ ದಿನ ನಿನ್ನ ತಮ್ಮನ್ನ ಕರ್ಕೊಂಡು ಬಾ. ಒಸಾಕದಿಂದ ಖರೀದಿದಾರರು ಬರ್ತಾರೆ. ಒಂದೇ ಕೈಲಿ ಆಡೋದು ನೋಡಿದ್ರೆ ಅವರ ಕಣ್ಣಲ್ಲಿ ನೀರು ಬರಬೇಕು" ಎಂದು ಹೇಳಿ ಹೋದರು.

ಪೇಶಾನ್ ನಕ್ಷೆಯನ್ನು ತಿದ್ದಲಿಲ್ಲ. ಚೇರ್ಮನ್ನರೇ ಬೇರೊಬ್ಬನಿಂದ ತಿದ್ದಿಸಿದರು. ನಡುಬೆರಳಿನ ಗುಳಿಯನ್ನು ತುಂಬಿ, ಅದರ ಮೇಲೆ ಕಂಪನಿಯ ಬಂಗಾರ ಬಣ್ಣದ ಮುದ್ರೆ ಅಂಟಿಸಿದ ಒಂದು ಮಾದರಿ ಸಿದ್ಧವಾಯಿತು. ಉಕ್ಕಿನಲ್ಲಿ ಅಚ್ಚು ಕೊರೆದರೆ ಮುಗಿಯಿತು, ಆಮೇಲೆ ಲಕ್ಷಗಟ್ಟಲೆ ಮೌಸುಗಳು ಹಾಗೆಯೇ ಬಂದುಬೀಳುತ್ತವೆ.

"ನೀನು ಬರಲ್ಲ ಅಂತೀಯೇನೋ ಅಂದ್ಕೊಂಡಿದ್ದೆ" ಎಂದಳು ಪೇಶಾನ್, ಅಚ್ಚು ಕೊರೆಯುವ ದಿನ ಸ್ಕೂಟರ್ ನಿಲ್ಲಿಸುತ್ತಾ.

"ಯಾಕೆ ಬರಲ್ಲ?" ಎಂದ ಯೂತಾಂಗ್. "ನನ್ನ ಮೌಸ್ ಅದು. ಏನು ಮಾಡಿದ್ದಾರೆ ನೋಡೋಣ."

ಅಂದು ಚಾಂದ್ರಮಾನದ ಹದಿನಾರನೆಯ ದಿನ, ವ್ಯಾಪಾರಸ್ಥರೆಲ್ಲ ನೆಲ ಕಾಯುವ ದೇವರು ಭೂಮಿತಾತನಿಗೆ ಧೂಪ ಹಚ್ಚುವ ದಿನ. ಅಚ್ಚು ಕೊರೆಯುವ ಆಪ್ಯಾವ್ ಮಾವನ ಶೆಡ್ಡಿನಲ್ಲಿ ದೇವರ ಮುಂದೆ ಅನಾನಸು, ಕಿತ್ತಳೆ, ಬೇಯಿಸಿದ ಕೋಳಿ. ಹಠ ಮಾಡದಿರಲಿ ಎಂದು ಕೊರೆಯುವ ಯಂತ್ರದ ನೆತ್ತಿಯ ಮೇಲೆ, 'ಮಾತು ಕೇಳು' ಎಂಬರ್ಥದ ಹೆಸರಿನ, ಹಸಿರು ಬಣ್ಣದ ಕುರುಕು ತಿಂಡಿಯ ಪೊಟ್ಟಣ. ಚೇರ್ಮನ್ನರು ಧೂಪ ಹಿಡಿದು ಬಗ್ಗಿ ಬಗ್ಗಿ ನಮಸ್ಕರಿಸಿದರು. ದೇವರಿಗೆ ಬೆನ್ನು ತೋರಿಸಬಾರದಲ್ಲ, ನಮಸ್ಕಾರ ಮುಗಿಸಿ ಹಿಮ್ಮುಖವಾಗಿ ಹೆಜ್ಜೆ ಇಟ್ಟುಕೊಂಡು ಬಂದರು. ಪೇಶಾನ್ ಹಲ್ಲು ಕಚ್ಚಿಕೊಂಡು ಅದನ್ನೇ ನೋಡುತ್ತಿದ್ದಳು.

ಆಮೇಲೆ ಯೂತಾಂಗನನ್ನು ದೊಡ್ಡ ಪರದೆಯ ಮುಂದೆ ಕೂರಿಸಿದರು. ಅವನು ಬಂಗಾರದ ಮುದ್ರೆಯ ಮೌಸಿನ ಮೇಲೆ ಕೈ ಇಟ್ಟ. ಅವನ ನಡುಬೆರಳು ರೂಢಿಯಂತೆ ಗುಳಿ ಹುಡುಕಿ, ಸಿಗದೆ, ಮುದ್ರೆಯ ಮೇಲೆ ಸುಮ್ಮನೆ ಕೂತಿತು. ಆಟ ಶುರುವಾಯಿತು. ಮೊದಲು ಚೆನ್ನಾಗಿಯೇ ಹೋಯಿತು. ಒಸಾಕದ ಇಬ್ಬರು ತಲೆದೂಗಿದರು, ಚೇರ್ಮನ್ನರು ಅವರ ಕಣ್ಣಂಚು ಗಮನಿಸುತ್ತಿದ್ದರು. ಸಿಪಾಯಿ ಒಂದು ಇಕ್ಕಟ್ಟಿನ ಓಣಿಗೆ ಹೊಕ್ಕ. ಎದುರಿನಿಂದ ಮೂವರು ಬಂದೂಕು ಹಿಡಿದು ಬಂದರು.

"ಹಿಂದೆ! ಹಿಂದೆ ಬಾರೋ!" ಶೆಡ್ಡಿನಲ್ಲಿದ್ದವರೆಲ್ಲ ಕೂಗಿದರು.

ನಡುಬೆರಳು ಬಂಗಾರವನ್ನು ಕೆರೆಯಿತು, ಕೆರೆಯುತ್ತಲೇ ಇತ್ತು. ಸಿಪಾಯಿ ನಿಂತಲ್ಲೇ ಸತ್ತುಬಿದ್ದ.

ಚೇರ್ಮನ್ನರು ನಗುತ್ತಾ ಯೂತಾಂಗನ ಹೆಗಲು ತಟ್ಟಿದರು. "ಪರವಾಗಿಲ್ಲ ತಮ್ಮಾ. ಸ್ವಲ್ಪ ಮೈಮರೆತೆ ಅಷ್ಟೆ."

ಯೂತಾಂಗ್ ಪರದೆಯಿಂದ ಕಣ್ಣು ಕಿತ್ತು ಅವರನ್ನು ನೋಡಿದ. ಅವನು ದನಿ ಎತ್ತರಿಸಲಿಲ್ಲ.

"ಈ ಮಾತು ಮೊದಲೂ ಕೇಳಿದ್ದೀನಿ ಚೇರ್ಮನ್ರೇ. ನನ್ನ ಕೈ ತಿಂದ ಪ್ರೆಸ್ಸಿಗೂ ವಾಪಸ್ ಮೇಲಕ್ಕೆ ಎತ್ತೋ ಬಟನ್ ಇತ್ತು. ಕೆಂಪುದು. ಯಾರಾದ್ರೂ ಒತ್ತಿದ್ರೆ ಕೆಲಸ ನಿಧಾನ ಆಗುತ್ತೆ ಅಂತ ಅಲ್ಲಿನ ಯಜಮಾನ್ರು ವೈರ್ ಕಿತ್ತಾಕ್ಸಿದ್ರು. ನಾನು ಈ ಕೈಲಿ ಒತ್ತಿದೆ. ಒತ್ತುತ್ತಾನೇ ಇದ್ದೆ. ಆಮೇಲೆ ಆಸ್ಪತ್ರೆಗೆ ಬಂದು ಎಲ್ರೂ ಇದನ್ನೇ ಅಂದ್ರು. ಮೈಮರೆತೆ ಅಂತ."

ಪೇಶಾನಳಿಗೆ ಇದು ಗೊತ್ತಿರಲಿಲ್ಲ. ಎರಡು ವರ್ಷ ಆ ಅಂಗೈಗೆ ಮಣ್ಣು ಒತ್ತಿದ್ದಳು, ಹಿಂದಕ್ಕೆ ಹೋಗುವ ಬಟನ್ ಒಂದನ್ನೇ ಅವನು ಯಾಕೆ ಅಷ್ಟು ಸಲ ಪರೀಕ್ಷಿಸುತ್ತಾನೆಂದು ಕೇಳಿರಲಿಲ್ಲ. ಅವಳಿಗೆ ಸಿಟ್ಟು ಬಂತು, ಆ ಯಜಮಾನನ ಮೇಲೆ, ಈ ಯಜಮಾನನ ಮೇಲೆ, ಕೆಂಪು ಲಕೋಟೆ ಜೇಬಿಗಿಳಿಸಿದ ಗುರುವಿನ ಮೇಲೆ.

ದುಭಾಷಿ ಆ ಮಾತನ್ನೆಲ್ಲ ಒಸಾಕದವರ ಕಿವಿಯಲ್ಲಿ ಪಿಸುಗುಟ್ಟಿದ. ಅವರು ತಲೆದೂಗುವುದು ನಿಂತಿತು. ಆಪ್ಯಾವ್ ಮಾವ ಪೇಶಾನಳದು, ತಿದ್ದಿಸಿದ್ದು, ಎರಡು ನಕ್ಷೆಗಳನ್ನೂ ಎತ್ತಿ ಹಿಡಿದ. ಹಿಡಿದ ಆ ಕೈಯಲ್ಲಿ ಮೂರೇ ಬೆರಳಿದ್ದವು.

"ಬಟನ್ ಮೂರಾ, ನಾಲ್ಕಾ? ಬೇಗ ಹೇಳಿ ಚೇರ್ಮನ್ರೇ."

ಚೇರ್ಮನ್ನರು ದೇವರನ್ನು ನೋಡಲಿಲ್ಲ, ಯೂತಾಂಗನನ್ನೂ ನೋಡಲಿಲ್ಲ. ಖರೀದಿದಾರರ ಮುಖ ನೋಡಿದರು.

"ನಾಲ್ಕೇ ಇರಲಿ" ಎಂದರು. "ನಾನೇನು ಬೇಡ ಅಂದಿದ್ನಾ? ವಿಚಾರ ಮಾಡೋಣ ಅಂದಿದ್ದೆ ಅಷ್ಟೆ."

ಥೂ, ಎನ್ನಿಸಿತು ಪೇಶಾನಳಿಗೆ. ಒಬ್ಬನ ಕೈಗೆ ಕರಗದ ಮನುಷ್ಯ ಗಿರಾಕಿಯ ಮುಖಕ್ಕೆ ಕರಗಿದ. ಗೆದ್ದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಯೂತಾಂಗ್ ಮಾತ್ರ ಹೆಬ್ಬೆರಳಿನ ಉಗುರಿನಿಂದ ಬಂಗಾರದ ಮುದ್ರೆಯನ್ನು ಕಿತ್ತು, ಭೂಮಿತಾತನ ಮುಂದಿನ ಕಿತ್ತಳೆಗಳ ಪಕ್ಕದಲ್ಲಿಟ್ಟು ಬಂದ.

ಪೇಶಾನ್ ತನ್ನ ನಕ್ಷೆಯನ್ನು ಆಪ್ಯಾವ್ ಮಾವನ ಕೈಯಿಂದ ತೆಗೆದುಕೊಂಡು ಯಂತ್ರದ ಪಕ್ಕದ ಹಲಗೆಗೆ ತಾನೇ ಅಂಟಿಸಿದಳು.

"ಮಾವಾ, ಇವರ ಮನಸ್ಸು ಬದಲಾಗೋಕೆ ಮುಂಚೆ ಹಿಂದಕ್ಕೆ ಹೋಗೋದನ್ನ ಮೊದಲು ಕೊರೀರಿ."